ಚಕ್ರಬಡ್ಡಿಯ ಕೊಂಬು

ನಮ್ಮ ದಾದಿಗೆ ಕಿವಿ ಮಂದ. ಪುಣೆಯಿಂದ ಅಬ್ಬಾ ಫೋನ್ ಮಾಡಿದಾಗ ಸ್ಪೀಕರ್ ಹಾಕಿದರೂ ಮಾತು ತಿಳಿಯದೆ ಎಲ್ಲದಕ್ಕೂ ‘ಹೌ ಬೇಟಾ’ ಎನ್ನುತ್ತಿದ್ದರು. ಒಮ್ಮೆ ಅಬ್ಬಾ ಜ್ವರ ಬಂದಿದೆ ಎಂದಾಗಲೂ ಅದೇ ಉತ್ತರ!

ರಜೆಯಲ್ಲಿ ಬಬಲೇಶ್ವರದ ಬಡಿಗರೊಬ್ಬರ ಅಂಗಡಿಯಿಂದ ಉಳಿದ ಪ್ಲೈವುಡ್ ತುಂಡುಗಳನ್ನು ತಂದು, ಫೋನ್ ಇಡಲು ನೇರವಾದ ಡಬ್ಬಿ ಮಾಡಿದೆ. ದನಿ ಒಳಗೇ ಗುಂಯ್‌ಗುಟ್ಟಿತು. ಬಡಿಗ ಚಾಚಾ ನಕ್ಕರು: “ಮದುವಿಯೊಳಗ ಶಹನಾಯಿ ನೋಡಿಲ್ಲೇನು? ಅದರ ಬಾಯಿ ಅಗಲ ಇರ್ತದ.”

ಎರಡನೆಯದಕ್ಕೆ ಲೆಕ್ಕ ಹಾಕಿದೆ. ಎತ್ತರ ಎಲ್ಲ ಕಡೆ 2 ಇಂಚು. ಅಗಲ ಮಾತ್ರ ಪ್ರತಿ 3 ಇಂಚಿಗೆ ಇಮ್ಮಡಿ: 1, 2, 4, 8. ನಾವು ಕಾಮರ್ಸ್‌ನಲ್ಲಿ ಓದುವ ಚಕ್ರಬಡ್ಡಿಯೇ ಇದು! ಬದಿಗಳಿಗೆ ತೆಳು ಪ್ಲೈವುಡ್ ಬಾಗಿಸಿ, ಸಂದುಗಳಿಗೆ ಫೆವಿಕಾಲ್‌ನಲ್ಲಿ ಕಟ್ಟಿಗೆಪುಡಿ ಕಲಸಿ ತುಂಬಿದೆ. ಕೊಂಬು ಹೊಸ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಫೋನಿನ ಪುಟ್ಟ ಸ್ಪೀಕರ್ ಅಲುಗಿಸಿದ ಗಾಳಿಯನ್ನು ಹಂತಹಂತವಾಗಿ ಹೊರಗಿನ ಗಾಳಿಗೆ ಒಪ್ಪಿಸಿ, ದನಿಯನ್ನು ಮುಂದಕ್ಕೆ ಕಳಿಸುತ್ತದೆ.

ಆ ರಾತ್ರಿ ಅಬ್ಬಾ ಎಂದಿನಂತೆ, “ಎಲ್ಲ ಚೆನ್ನಾಗಿದೆ ಅಮ್ಮಾ” ಎಂದರು. ದಾದಿ ಕೊಂಬಿನ ಹತ್ತಿರ ಬಾಗಿ ಕೇಳಿದರು: “ಮತ್ತೆ ನಿನ್ನ ದನಿ ಯಾಕೆ ಸೋತಿದೆ?”

ಅಬ್ಬಾ ತುಸು ಹೊತ್ತು ಮಾತಾಡಲಿಲ್ಲ. ಆಮೇಲೆ ನಿಜ ಹೇಳಿದರು.