ಯಾರ ಊರಿಗೆ ಎಷ್ಟು ತಾಸು?

ನವೆಂಬರ್‌ನ ಒಂದು ಸೋಮವಾರ ಆಫೀಸಿನಿಂದ ಮೇಲ್ ಬಂತು. ನಮ್ಮ ಪ್ರಾಜೆಕ್ಟಿನ ಬೆಂಗಳೂರು ತಂಡವನ್ನು ಮುಚ್ಚುತ್ತಿದ್ದಾರೆ, ಕೆಲಸ ಉಳೀಬೇಕು ಅಂದ್ರೆ ಪುಣೆ, ಹೈದರಾಬಾದ್, ಚೆನ್ನೈ ಈ ಮೂರರಲ್ಲಿ ಒಂದನ್ನು ಆರಿಸಿ ಮೂರು ವಾರದೊಳಗೆ ತಿಳಿಸಬೇಕು. ಕೊನೆಯ ಸಾಲಿನಲ್ಲಿ ಇದೊಂದು 'ಎಕ್ಸೈಟಿಂಗ್ ಆಪರ್ಚುನಿಟಿ' ಅಂತಲೂ ಬರೆದಿದ್ದರು. ಎಚ್‌ಆರ್‌ನವರ ಬಾಯಲ್ಲಿ ಈ ಪದ ಬಂದಾಗಲೆಲ್ಲ ಯಾರದೋ ಮನೆಯ ಸಾಮಾನು ಲಾರಿ ಹತ್ತುತ್ತದೆ. ಈ ಸಲ ನಮ್ಮದು.

ಇಂಜಿನಿಯರುಗಳ ಸ್ವಭಾವ ನಿಮಗೆ ಗೊತ್ತೇ ಇದೆ. ಮನೆಯಲ್ಲಿ ಯಾರಾದರೂ ಅತ್ತರೂ ಮೊದಲು ಲ್ಯಾಪ್‌ಟಾಪ್ ತೆಗೆಯುವ ಜಾತಿ ನಮ್ಮದು. ಅವತ್ತು ರಾತ್ರಿ ಊಟ ಆದ ಮೇಲೆ ಒಂದು ಶೀಟ್ ತೆರೆದೆ. ಅಡ್ಡ ಸಾಲಿಗೆ ಮೂರು ಊರು. ಉದ್ದಕ್ಕೆ ಮನೆ ಬಾಡಿಗೆ, ಆಫೀಸಿಗೆ ದೂರ, ಶಾಲೆ, ನೀರು, ಸೆಕೆ, ಭಾಷೆ, ಊರಿಗೆ ಎಷ್ಟು ತಾಸು. ಒಂದೊಂದಕ್ಕೂ ಹತ್ತು ಅಂಕ, ಜೊತೆಗೆ ಯಾವುದು ಎಷ್ಟು ಮುಖ್ಯ ಅನ್ನೋದಕ್ಕೆ ತೂಕ.

ಕೆಲವು ಕಾಲಂಗಳು ಸುಲಭವಾಗಿ ತುಂಬಿದವು. ಪುಣೆಯಲ್ಲಿರುವ ಹಳೆಯ ಸಹೋದ್ಯೋಗಿಯೊಬ್ಬ ಒಳ್ಳೆಯ ಮಾತು ಹೇಳಿದ: "ಹಿಂಜೆವಾಡಿ ಎಷ್ಟು ದೂರ ಅಂತ ಭಾನುವಾರ ಮ್ಯಾಪ್ ನೋಡಬೇಡ, ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ನೋಡು." ನೋಡಿದೆ. ಮ್ಯಾಪ್ ಪೂರ್ತಿ ಕೆಂಪಗಿತ್ತು. ಬೆಳ್ಳಂದೂರು ನೆನಪಾಗಿ ಒಂಥರಾ ಸಮಾಧಾನವೂ ಆಯ್ತು. ನೀರಿನ ಕಾಲಂಗೆ ಬಂದಾಗ ಚೆನ್ನೈಗೆ ಕಡಿಮೆ ಹಾಕಿದೆ. 2015ರ ಡಿಸೆಂಬರಿನಲ್ಲಿ ಆ ಊರು ಮುಳುಗಿದ್ದು, 2019ರ ಬೇಸಿಗೆಯಲ್ಲಿ ಅದಕ್ಕೆ ನೀರು ಕೊಡುವ ಕೆರೆಗಳೇ ಒಣಗಿದ್ದು ಎರಡೂ ನೆನಪಿತ್ತು. ಆಮೇಲೆ, 2024ರಲ್ಲಿ ಬೆಂಗಳೂರಿನಲ್ಲಿ ಟ್ಯಾಂಕರಿಗೆ ಕಾದು ಕೂತವನು ಇನ್ನೊಬ್ಬರ ನೀರಿಗೆ ಅಂಕ ಕೊಡೋದೇನು ಅನ್ನಿಸಿ ಎರಡು ಅಂಕ ಜಾಸ್ತಿ ಮಾಡಿದೆ.

ಭಾಷೆಯ ಕಾಲಂ ಸ್ವಲ್ಪ ಹೊತ್ತು ಹಿಡಿಯಿತು. ಮಗಳು ಎರಡನೇ ಕ್ಲಾಸು. ಯಾವ ಊರಿಗೆ ಹೋದರೂ ಅವಳಿಗೆ ಆ ರಾಜ್ಯದ ಭಾಷೆ ತಪ್ಪಿದ್ದಲ್ಲ. ತಮಿಳುನಾಡಿನಲ್ಲಿ 2006ರಲ್ಲಿ, ತೆಲಂಗಾಣದಲ್ಲಿ 2018ರಲ್ಲಿ, ಮಹಾರಾಷ್ಟ್ರದಲ್ಲಿ 2020ರಲ್ಲಿ ಕಾನೂನು ಬಂದಿದೆ. ನಮ್ಮಲ್ಲೂ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಇದೆಯಲ್ಲ, ಹಾಗೆ. ತೆಲುಗು ಲಿಪಿ ನಮ್ಮ ಲಿಪಿಗೆ ಹತ್ತಿರ, ಬೋರ್ಡುಗಳನ್ನು ಮಗಳು ತಡವರಿಸಿಯಾದರೂ ಓದಿಯಾಳು ಅಂತ ಹೈದರಾಬಾದಿಗೆ ನಾಲ್ಕು ಅಂಕ ಹೆಚ್ಚು ಕೊಟ್ಟೆ. ಇನ್ನೊಂದು ವಿಷಯ ಆಗಲೇ ತಿಳಿದದ್ದು. ನಾಳೆ ಅವಳು ಕರ್ನಾಟಕದಲ್ಲಿ ಸಿಇಟಿ ಸೀಟು ಕೇಳಬೇಕಾದರೆ ಇಲ್ಲಿ ಏಳು ವರ್ಷ ಓದಿರಬೇಕು ಅನ್ನೋದು ಮುಖ್ಯ ನಿಯಮ. ಅದಕ್ಕೆ ಉಪನಿಯಮಗಳು ಬೇಕಾದಷ್ಟಿವೆ, ತಂದೆ ತಾಯಿ ಇಲ್ಲೇ ಓದಿದವರಾಗಿದ್ದರೆ ಒಂದು ದಾರಿ ಇದೆ. ಆದರೂ ಹಲ್ಲು ಬೀಳುತ್ತಿರುವ ಹುಡುಗಿಯ ಸಿಇಟಿ ಬಗ್ಗೆ ರಾತ್ರಿ ಒಂದು ಗಂಟೆಗೆ ಪಿಡಿಎಫ್ ಓದುತ್ತಾ ಕೂತಿದ್ದೆ ಅಂದರೆ ನನ್ನ ತಲೆ ಎಲ್ಲಿತ್ತು ಅಂತ ಊಹಿಸಿ.

ಅತಿ ಹೆಚ್ಚು ತೂಕ ಕೊಟ್ಟಿದ್ದು 'ಊರಿಗೆ ಎಷ್ಟು ತಾಸು' ಅನ್ನೋ ಕಾಲಂಗೆ. ಅದಕ್ಕೆ ಕಾರಣ ಇದೆ.

ನಮ್ಮೂರು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ. ಲಿಂಬೆ ಬೆಳೆಯುವ ಸೀಮೆ. ಎರಡು ವರ್ಷದ ಹಿಂದೆ ರಾತ್ರಿ ಹನ್ನೊಂದು ಗಂಟೆಗೆ ಕಾಕಾ ಫೋನ್ ಮಾಡಿ "ಅಪ್ಪಗ ಭಾಳ ತ್ರಾಸ ಆಗೇದ, ಹೊಂಟ ಬಾ" ಅಂದರು. ಬೆಂಗಳೂರಿನಿಂದ ಊರಿಗೆ ಐನೂರೈವತ್ತು ಕಿಲೋಮೀಟರಿಗೂ ಮೇಲೆ. ಅಷ್ಟು ಹೊತ್ತಿಗೆ ರಾತ್ರಿ ಬಸ್ಸುಗಳೆಲ್ಲ ಹೊರಟುಹೋಗಿದ್ದವು. ಬಾಡಿಗೆ ಕಾರು ಹುಡುಕಿ, ಹಿರಿಯೂರು ದಾಟುವಾಗ ಇನ್ನೊಂದು ಫೋನ್ ಬಂತು. ಆ ಸಲ ಕಾಕಾ ಏನೂ ಹೇಳಲಿಲ್ಲ, ಸುಮ್ಮನೆ ಫೋನ್ ಹಿಡಿದುಕೊಂಡಿದ್ದರು. ನಾನು ಮುಟ್ಟಿದಾಗ ಮಧ್ಯಾಹ್ನ. ಅಂಗಳದ ತುಂಬ ಕೂತ ಜನ ನನಗಾಗಿಯೇ ಕಾಯುತ್ತಿದ್ದರು.

ಅವತ್ತಿನಿಂದ ಅವ್ವ ಊರಲ್ಲಿ ಒಬ್ಬಳೇ. ಬೆಂಗಳೂರಿಗೆ ಬಂದರೆ ಹದಿನೈದು ದಿನ, ಹದಿನಾರನೆಯ ದಿನ ಚೀಲ ಕಟ್ಟುತ್ತಾಳೆ.

ನಕ್ಷೆ ನೋಡುತ್ತಿದ್ದಾಗ ಒಂದು ವಿಚಿತ್ರ ಕಂಡಿತು. ಪುಣೆಯಿಂದ ಸೊಲ್ಲಾಪುರಕ್ಕೆ ಇನ್ನೂರೈವತ್ತು ಕಿಲೋಮೀಟರ್, ರೈಲಿನಲ್ಲಿ ನಾಲ್ಕು ತಾಸು. ಅಲ್ಲಿಂದ ನಮ್ಮೂರಿಗೆ ಬಸ್ಸಿನಲ್ಲಿ ಎರಡು ತಾಸು. ಅಂದರೆ ರಾಜ್ಯ ಬಿಟ್ಟು ಹೋದರೆ ನಾನು ಊರಿಗೆ ಹತ್ತಿರವಾಗುತ್ತೇನೆ! ಅವ್ವನಿಗೆ ಹೇಳಿದರೆ ಅವಳಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. "ಪುಣೆ ಏನ್ ದೂರ ಅದನೋ? ಸೊಲ್ಲಾಪುರದ ಮುಂದ ಅದ" ಅಂದಳು. ನಮ್ಮ ಕಡೆಯವರಿಗೆ ದವಾಖಾನೆ ಅಂದರೆ ಸೊಲ್ಲಾಪುರ, ಮದುವೆ ಸೀರೆ ಅಂದರೆ ಸೊಲ್ಲಾಪುರ, ಸಂಕ್ರಾಂತಿಗೆ ಸಿದ್ಧರಾಮೇಶ್ವರನ ಜಾತ್ರೆ ಅಂದರೂ ಸೊಲ್ಲಾಪುರವೇ. 1956ರ ನವೆಂಬರ್ ತನಕ ನಮ್ಮ ಜಿಲ್ಲೆಯೇ ಮುಂಬಯಿ ರಾಜ್ಯದಲ್ಲಿತ್ತು. ಗಡಿ ಅನ್ನೋದು ಅವ್ವನಿಗೆ ಬಸ್ಸಿನ ಟಿಕೆಟ್ಟಿನ ಬಣ್ಣ ಬದಲಾಗುವ ಜಾಗ, ಅಷ್ಟೆ.

ಪುಣೆ ಗೆದ್ದಿತು. ನೂರಕ್ಕೆ ಎಪ್ಪತ್ನಾಲ್ಕು. ಶೀಟನ್ನು ಹೆಂಡತಿಗೆ ಶೇರ್ ಮಾಡಿ, ಪರೀಕ್ಷೆ ಚೆನ್ನಾಗಿ ಬರೆದ ಹುಡುಗನ ಹಾಗೆ ಕಾದೆ.

ಅವಳು ಚನ್ನರಾಯಪಟ್ಟಣದ ಕಡೆಯವಳು. ಬೆಂಗಳೂರಿನ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಒಂಬತ್ತು ವರ್ಷದಿಂದ ಹೈಸ್ಕೂಲಿಗೆ ಕನ್ನಡ ಕಲಿಸುತ್ತಾಳೆ. ಶೀಟನ್ನು ಮೇಲಿಂದ ಕೆಳಗೆ ನೋಡಿದಳು. ಒಂದೇ ಪ್ರಶ್ನೆ ಕೇಳಿದಳು.

"ಊರಿಗೆ ಎಷ್ಟು ತಾಸು ಅಂತ ಇದೆಯಲ್ಲ, ಯಾರ ಊರಿಗೆ ರೀ?"

ನಾನು ಏನೋ ಹೇಳೋಕೆ ಬಾಯಿ ತೆಗೆದು ಸುಮ್ಮನಾದೆ. ಹತ್ತು ವರ್ಷ ಸಂಸಾರ ಮಾಡಿ, ಬಿಇ ಓದಿ, ಕೋಡ್ ರಿವ್ಯೂನಲ್ಲಿ ಕಂಡವರ ತಪ್ಪೆಲ್ಲ ಹುಡುಕುವ ನನಗೆ ಆ ಹೆಡಿಂಗಿನಲ್ಲಿರುವ ತಪ್ಪು ಕಂಡಿರಲಿಲ್ಲ. ಪುಣೆಯಿಂದ ಅವಳ ತವರಿಗೆ ಎಂಟುನೂರು ಕಿಲೋಮೀಟರಿಗೂ ಮೇಲೆ. ಅವಳ ಊರಿಗೆ ಹತ್ತಿರದ್ದು ಚೆನ್ನೈ. ವಂದೇ ಭಾರತ್ ಹತ್ತಿದರೆ ಆರೂವರೆ ತಾಸಿನಲ್ಲಿ ಮೈಸೂರು, ಅಲ್ಲಿಂದ ಬಸ್ಸು. ನನ್ನ ಶೀಟಿನಲ್ಲಿ ಚೆನ್ನೈಗೆ ಆ ಕಾಲಂನಲ್ಲಿ ಒಂದು ಅಂಕ ಸಿಕ್ಕಿತ್ತು.

ಕಾಲಂ ಎರಡು ಮಾಡಿದೆ, ನನ್ನೂರು, ನಿನ್ನೂರು ಅಂತ. ಈಗ ಮೂರೂ ಊರು ಹತ್ತಿರ ಹತ್ತಿರ ಬಂದವು, ಹೈದರಾಬಾದ್ ಮೂಗಿನಷ್ಟು ಮುಂದೆ. ಅಳಿಯ, ಮಗ ಇಬ್ಬರ ಕರ್ತವ್ಯಕ್ಕೂ ಸಮನಾಗಿ ದೂರ. ಅವಳು ನಕ್ಕುಬಿಟ್ಟಳು. "ನಿಮ್ಮವ್ವನಿಗೂ ಬೇಡದ, ನಮ್ಮಮ್ಮನಿಗೂ ಬೇಡದ ಊರಿಗೆ ನ್ಯಾಯವಾಗಿ ಹೋಗೋಣ ಅಂತೀರಾ?"

ನಗು ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಎರಡು ದಿನ ಬಿಟ್ಟು, ಮಗಳು ಮಲಗಿದ ಮೇಲೆ ಅವಳು ಲ್ಯಾಪ್‌ಟಾಪ್ ತಂದು ಎದುರಿಗಿಟ್ಟಳು. ಶಾಲೆಯ ಅಂಕಪಟ್ಟಿಗಳನ್ನೆಲ್ಲ ಇದೇ ಶೀಟಿನಲ್ಲಿ ಮಾಡುವವಳು ಅವಳು, ವರ್ಷನ್ ಹಿಸ್ಟರಿ ಎಲ್ಲಿದೆ ಅಂತ ಗೊತ್ತಿತ್ತು. ಮೊದಲ ರಾತ್ರಿ ನಾನು ಇನ್ನೊಂದು ಕಾಲಂ ಮಾಡಿ ಆಮೇಲೆ ಅಳಿಸಿದ್ದೆ. 'ಅವಳ ಕೆಲಸ' ಅಂತ ಅದರ ಹೆಸರು.

ಯಾಕೆ ಅಳಿಸಿದೆ ಅಂದರೆ ಮೂರೂ ಊರಿಗೆ ಅದರಲ್ಲಿ ಸೊನ್ನೆ ಬಂದಿತ್ತು. ಕನ್ನಡ ಟೀಚರಿಗೆ ಪುಣೆಯಲ್ಲಾಗಲಿ, ಹೈದರಾಬಾದಿನಲ್ಲಾಗಲಿ, ಚೆನ್ನೈನಲ್ಲಾಗಲಿ ಈಗಿರುವಂಥ ಕೆಲಸ ಎಲ್ಲಿ ಹುಡುಕೋದು? ಮೂರಕ್ಕೂ ಒಂದೇ ಅಂಕ ಬರುವ ಕಾಲಂನಿಂದ ಯಾವುದನ್ನು ಆರಿಸಬೇಕು ಅನ್ನೋದು ತಿಳಿಯುವುದಿಲ್ಲ, ಹಾಗಾಗಿ ಅದು ಬೇಡ. ಲೆಕ್ಕದ ಪ್ರಕಾರ ಇದರಲ್ಲಿ ತಪ್ಪಿಲ್ಲ. ಇದನ್ನೇ ನಾನು ಅವಳಿಗೆ ವಿವರಿಸಿದೆ ಕೂಡ, ದೇವರೇ ಗತಿ.

ಅವಳು ಕೂಗಾಡಲಿಲ್ಲ. "ಎಲ್ಲ ಕಡೆನೂ ಹೋಗೋದೇ ಅಂತ ಆದ್ರೆ ಅದನ್ನ ಲೆಕ್ಕಕ್ಕೇ ಇಡಬಾರ್ದು, ಅಲ್ವಾ?" ಅಂದಳು. ಲೈಟ್ ಆರಿಸಿ ಮಲಗಿದಳು.

ಅವತ್ತು ನನಗೆ ನಿದ್ದೆ ಬರಲಿಲ್ಲ. ಯಾವ ಊರು ಅಂತ ಆರಿಸುವ ಗಲಾಟೆಯಲ್ಲಿ, ಯಾವ ಊರಾದರೂ ಕಳೆದುಹೋಗುವಂಥದ್ದು ಒಂದಿದೆ ಅನ್ನೋದನ್ನು ನಾನು ಮೊದಲ ರಾತ್ರಿಯೇ ಬಲ್ಲವನಾಗಿದ್ದೆ. ಗೊತ್ತಿದ್ದೇ ಡಿಲೀಟ್ ಒತ್ತಿದ್ದೆ. ಬೆಂಗಳೂರಲ್ಲೇ ಇನ್ನೊಂದು ಕೆಲಸ ನೋಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ನೋಡಿದೆ. ಆ ತಿಂಗಳು ನಾಲ್ಕು ಇಂಟರ್‌ವ್ಯೂ ಕೊಟ್ಟೆ. ಎರಡು ಕಡೆ ತಿರುಗಿ ಉತ್ತರವೇ ಇಲ್ಲ, ಒಂದು ಕಡೆ ಈಗಿನದಕ್ಕಿಂತ ಬಹಳ ಕಡಿಮೆ ಸಂಬಳ, ಇನ್ನೊಂದು ಕಡೆ ನನಗಿಂತ ಹತ್ತು ವರ್ಷ ಚಿಕ್ಕ ಹುಡುಗ ನನ್ನ ಕೋಡ್ ನೋಡಿ ಪಾಪ ಅನ್ನುವ ಹಾಗೆ ತಲೆಯಾಡಿಸಿದ. ಮನೆ ಸಾಲದ ಕಂತು ಯಾವ ತಿಂಗಳೂ ನಮಗಾಗಿ ಕಾಯುವುದಿಲ್ಲ.

ಕೊನೆಗೆ ಅವಳೇ "ಒಂದು ಸಲ ಹೋಗಿ ನೋಡಿಕೊಂಡು ಬರೋಣ" ಅಂದಳು. ಉದ್ಯಾನ್ ಎಕ್ಸ್‌ಪ್ರೆಸ್ ಸೊಲ್ಲಾಪುರದ ಮೇಲೆಯೇ ಹೋಗುತ್ತದೆ. ಅವ್ವ ಅಲ್ಲಿ ಹತ್ತಿಕೊಂಡಳು, ಕೈಯಲ್ಲಿ ರೊಟ್ಟಿ ಗಂಟು, ಒಂದು ಚೀಲ ಲಿಂಬೆಕಾಯಿ. ಪುಣೆಯಲ್ಲಿ ಎರಡು ದಿನ ಮನೆ ನೋಡಿದೆವು, ಶಾಲೆ ನೋಡಿದೆವು. ಅದರ ಬಗ್ಗೆ ಹೇಳುವಂಥದ್ದೇನಿಲ್ಲ, ಫ್ಲ್ಯಾಟುಗಳು ಎಲ್ಲ ಕಡೆ ಒಂದೇ ಥರ, ಫೀಸು ಎಲ್ಲ ಕಡೆ ಜಾಸ್ತಿ.

ಎರಡನೆಯ ದಿನ ಸಂಜೆ ಮಹಾತ್ಮ ಫುಲೆ ಮಂಡಈಗೆ ಹೋದೆವು. ಬ್ರಿಟಿಷರ ಕಾಲದ ದೊಡ್ಡ ಕಲ್ಲಿನ ಕಟ್ಟಡ, ಒಳಗೂ ಹೊರಗೂ ತರಕಾರಿ. ನಾನು ಫೋನ್ ನೋಡುತ್ತಾ ನಿಂತಿದ್ದೆ. ತಲೆ ಎತ್ತಿದರೆ ಅವ್ವ ಇಲ್ಲ. ಗಾಬರಿಯಾಗಿ ಹುಡುಕಿದರೆ ನಾಲ್ಕು ಅಂಗಡಿ ಆಚೆ ಕುಕ್ಕರಗಾಲಲ್ಲಿ ಕೂತು "ಕಶೀ ದಿಲೀ ಮೇಥೀಚೀ ಜುಡಿ?" ಅಂತ ಒಬ್ಬ ಹೆಂಗಸಿನ ಜೊತೆ ಚೌಕಾಶಿಗೆ ಇಳಿದಿದ್ದಳು. ಮೆಂತ್ಯದ ಕಟ್ಟು ಹ್ಯಾಂಗ ಕೊಟ್ಟಿ ಅಂತ ನಮ್ಮ ಸಂತೆಯಲ್ಲಿ ಕೇಳ್ತಾಳಲ್ಲ, ಅದೇ ಧಾಟಿ, ಪದಗಳಷ್ಟೇ ಬೇರೆ. ಐದು ನಿಮಿಷದಲ್ಲಿ ಆ ಹೆಂಗಸಿಗೆ ನಮ್ಮ ಮನೆಯ ವಿಚಾರವೆಲ್ಲ ಗೊತ್ತಾಗಿತ್ತು. ಆಕೆಯ ತವರು ಅಕ್ಕಲಕೋಟ. ಆಮೇಲೆ ಇಬ್ಬರೂ ಕನ್ನಡಕ್ಕೇ ಬಂದರು.

ನನ್ನ ಹೆಂಡತಿ ಬದನೆಕಾಯಿಯ ರಾಶಿಯ ಮುಂದೆ ನಿಂತು ಬೋರ್ಡಿನ ದೇವನಾಗರಿ ಓದುತ್ತಿದ್ದಳು. "ವಾಂಗಿ. ವಾಂಗಿಬಾತ್‌ನ ವಾಂಗಿ!" ಅಂತ ಮಗಳಿಗೆ ತೋರಿಸಿದಳು. ನಂತರ ಅಂಗಡಿಯವನು ಏನೋ ಕೇಳಿದ, ಅವಳಿಗೆ ಅರ್ಥವಾಗಲಿಲ್ಲ. ಅವಳು ನನ್ನ ಕಡೆ ನೋಡಿದಳು. ಕ್ಲಾಸಿನಲ್ಲಿ ನಲವತ್ತು ಮಕ್ಕಳನ್ನು ಮಾತಿನಲ್ಲೇ ಹಿಡಿದು ಕೂರಿಸುವ ಹೆಂಗಸು ಅರ್ಧ ಕೆಜಿ ಬದನೆಕಾಯಿಗೆ ಗಂಡನ ಮುಖ ನೋಡಿದ್ದನ್ನು ನಾನು ಮರೆಯೋದಿಲ್ಲ.

ರಾತ್ರಿ ಅವಳು ಹೇಳಿದಳು: "ನಿಮ್ಮವ್ವ ಬೆಂಗಳೂರಲ್ಲಿ ಒಂದು ದಿನಾನೂ ಒಬ್ಬರೇ ಅಂಗಡಿಗೆ ಹೋಗಿಲ್ಲ, ಗಮನಿಸಿದ್ದೀರಾ? ಅವರ ಕನ್ನಡ ಕೇಳಿ ಅಂಗಡಿಯವನು ಹಿಂದೀಲಿ ಉತ್ತರ ಕೊಟ್ಟಿದ್ದ. ಇಲ್ಲಿ ನೋಡಿ, ಎರಡೇ ದಿನಕ್ಕೆ." ಸ್ವಲ್ಪ ಹೊತ್ತು ಬಿಟ್ಟು, "ನಮ್ಮಮ್ಮನಿಗೆ ಅಣ್ಣ ಇದ್ದಾನೆ, ಅತ್ತಿಗೆ ಇದ್ದಾರೆ. ಅವ್ವನಿಗೆ ಯಾರಿದ್ದಾರೆ? ಪುಣೆ ಅಂತಲೇ ಬರೆದುಬಿಡಿ" ಅಂದಳು.

ಬೇಕಾದ ಉತ್ತರ ಸಿಕ್ಕಿತ್ತು. ಗೆದ್ದೆ ಅನ್ನಿಸಲಿಲ್ಲ.

ಅವಳು ಎರಡು ಷರತ್ತು ಹಾಕಿದಳು. ಈ ವರ್ಷದ ಹತ್ತನೇ ಕ್ಲಾಸಿನ ಮಕ್ಕಳ ಪರೀಕ್ಷೆ ಮುಗಿಯುವ ತನಕ ತಾನು ಬರುವುದಿಲ್ಲ. ಮನೆ ಆಫೀಸಿಗೆ ಹತ್ತಿರ ಅಲ್ಲ, ತನಗೆ ನಡೆದು ಓಡಾಡೋಕೆ ಆಗುವ ಹಳೆಯ ಬಡಾವಣೆಯಲ್ಲಿ ಇರಬೇಕು, ಕೆಂಪು ಮ್ಯಾಪಿನಲ್ಲಿ ನಾನು ಕೂರಬೇಕು. ಎರಡಕ್ಕೂ ಹೂಂ ಅಂದೆ.

ಈಗ ಫೆಬ್ರವರಿ. ನಾನು ಜನವರಿಯಿಂದ ಇಲ್ಲಿ ಪಿಜಿಯಲ್ಲಿದ್ದೇನೆ. ಅವ್ವ ಒಂದು ಸಲ ಬಂದು ನಾಲ್ಕು ದಿನ ಇದ್ದು ಹೋದಳು. ರಾತ್ರಿ ಒಂಬತ್ತಕ್ಕೆ ಮನೆಗೆ ಫೋನ್ ಮಾಡಿದರೆ ಹಿಂದೆ ಮಗಳ ಗಲಾಟೆ, ಹೆಂಡತಿ ಪ್ರಿಪರೇಟರಿ ಪೇಪರ್ ತಿದ್ದುತ್ತಾ ಮಾತಾಡುತ್ತಾಳೆ. ರಾಜೀನಾಮೆ ಕೊಟ್ಟೆಯಾ ಅಂತ ಕೇಳಿದರೆ "ಕೊಡ್ತೀನಿ, ಪರೀಕ್ಷೆ ಆಗ್ಲಿ" ಅನ್ನುತ್ತಾಳೆ.

ಬೇರೆ ಕೆಲಸಗಳು ನಡೆಯುತ್ತಿವೆ. ಬೆಂಗಳೂರಿನ ಮನೆಗೆ ಬಾಡಿಗೆಯವರು ಸಿಕ್ಕಿದ್ದಾರೆ, ಮಗಳ ಟಿಸಿಗೆ ಹೇಳಿಟ್ಟಾಗಿದೆ. ಸ್ಕೂಟಿ ಒಂದು ಉಳಿದಿದೆ. ಹನ್ನೆರಡು ತಿಂಗಳಿಗಿಂತ ಹೆಚ್ಚು ಬೇರೆ ರಾಜ್ಯದಲ್ಲಿ ಓಡಿಸಬೇಕಾದರೆ ಅಲ್ಲಿನ ನಂಬರ್ ಆಗಬೇಕು, ಅದಕ್ಕೆ ಮೊದಲು ಇಲ್ಲಿನ ಆರ್‌ಟಿಒದಿಂದ ಎನ್‌ಒಸಿ ಬೇಕು. ಶಾಲೆಗೆ ಹೋಗಿಬರಲು ಅವಳೇ ದುಡ್ಡು ಕೂಡಿಸಿ ತಗೊಂಡ ಗಾಡಿ ಅದು, ಅವಳ ಹೆಸರಲ್ಲೇ ಇದೆ. ಅರ್ಜಿ ತುಂಬಿ, ಪ್ರಿಂಟ್ ತೆಗೆದು ಫ್ರಿಜ್ ಮೇಲೆ ಇಟ್ಟು ಬಂದಿದ್ದೆ. ಹೋದ ವಾರ ಮನೆಗೆ ಹೋದಾಗಲೂ ಅಲ್ಲೇ ಇತ್ತು. ಅವಳು ಇನ್ನೂ ಸಹಿ ಹಾಕಿಲ್ಲ. ನಾನೂ ಕೇಳಲಿಲ್ಲ.