ಮಗುವಿನ ಹಠಕ್ಕೂ ಒಂದು ಕಾರಣ

ಏಪ್ರಿಲ್ 2 ವಿಶ್ವ ಆಟಿಸಂ ಜಾಗೃತಿ ದಿನ. ಈ ಪ್ರಸ್ತಾಪವನ್ನು ವಿಶ್ವಸಂಸ್ಥೆಯ ಮುಂದಿಟ್ಟ ದೇಶ ನಾವಿರುವ ಕತಾರ್ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಿಕ್ಕಿಲ್ಲ. 2007ರ ಡಿಸೆಂಬರ್‌ನಲ್ಲಿ ಮಹಾಸಭೆ ಅದನ್ನು ಅಂಗೀಕರಿಸಿತು. ಹಮದ್ ಬಿನ್ ಖಲೀಫಾ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಇಲ್ಲಿನ ಶಾಲಾ ವಯಸ್ಸಿನ ಮಕ್ಕಳಲ್ಲಿ ಸುಮಾರು 87ರಲ್ಲಿ ಒಬ್ಬರಿಗೆ ಆಟಿಸಂ ಇದೆ. ಅಂದಮೇಲೆ ನಮ್ಮ ಕನ್ನಡ ಮನೆಗಳು ಇದಕ್ಕೆ ಹೊರತಲ್ಲ.

ಊರಿನಲ್ಲಿ ಎಂಬಿಬಿಎಸ್ ಓದುವಾಗ ಆಟಿಸಂ ನನಗೆ ಪಠ್ಯಪುಸ್ತಕದ ಒಂದು ಪುಟವಾಗಿತ್ತು, ಅಷ್ಟೆ. ಪರದೇಶದಲ್ಲಿ ರೆಸಿಡೆನ್ಸಿಗೆ ಸೇರಿದ ಮೇಲೆ ಬಿಹೇವಿಯರ್ ಅನಲಿಸ್ಟ್ ಎಂಬ ವೃತ್ತಿಯವರನ್ನು ಕಂಡೆ. ಇವರು ಔಷಧಿ ಬರೆಯುವವರಲ್ಲ. ಮೂಲೆಯಲ್ಲಿ ಕುಳಿತು, ಮಗು ಕಿರುಚುವ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಅದಕ್ಕೆ ಏನು ಸಿಕ್ಕಿತು ಎಂದು ಮೂರು ಕಾಲಂಗಳಲ್ಲಿ ಬರೆದುಕೊಳ್ಳುತ್ತಿದ್ದರು.

ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ ಎನ್ನುತ್ತಾರೆ ನಮ್ಮ ಹಿರಿಯರು. ಇವರ ಶಾಸ್ತ್ರದ ತಿರುಳೂ ಅದೇ. ಊಟಕ್ಕೆ ಕೂರಿಸಿದರೆ ಮಗು ಕಿರುಚುತ್ತದೆ. ಸುಮ್ಮನಾಗಲೆಂದು ಮೊಬೈಲ್ ಕೊಡುತ್ತೇವೆ. ನಾಳೆ ಮತ್ತೆ ಕಿರುಚುತ್ತದೆ. ಇನ್ನೊಂದು ಮಗು ಬೇಡದ ಊಟ ತಪ್ಪಿಸಿಕೊಳ್ಳಲು ಕಿರುಚಬಹುದು, ಮತ್ತೊಂದು ಮಿಕ್ಸಿಯ ಸದ್ದು ತಾಳದೆ. ಕಾರಣ ಬೇರೆಯಾದರೆ ಉಪಾಯವೂ ಬೇರೆ. "ಬೇಕು", "ಸಾಕು" ಎನ್ನಲು, ಮಾತು ಬಾರದಿದ್ದರೆ ಚಿತ್ರ ತೋರಿಸಲು ಕಲಿತ ಮಗುವಿಗೆ ಕಿರುಚುವ ಅಗತ್ಯ ಕಡಿಮೆಯಾಗುತ್ತದೆ. ಹಲ್ಲುಜ್ಜುವುದನ್ನೂ ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು ಕಲಿಸುತ್ತಾರೆ. ಲೆಕ್ಕದಲ್ಲಿ ಸುಧಾರಣೆ ಕಾಣದಿದ್ದರೆ ಮಗುವನ್ನು ಬೈಯದೆ ತಮ್ಮ ವಿಧಾನವನ್ನೇ ಬದಲಿಸುತ್ತಾರೆ.

ತಂದೆತಾಯಿಯರಲ್ಲಿ ಕೆಲವು ವಿನಂತಿ. ಮೊದಲು ಮಕ್ಕಳ ವೈದ್ಯರಲ್ಲಿ ತೋರಿಸಿ, ಕಿವಿಯ ಪರೀಕ್ಷೆಯನ್ನೂ ಮಾಡಿಸಿ. ಅನಲಿಸ್ಟ್ ಎನ್ನುವವರ ಸ್ನಾತಕೋತ್ತರ ಓದು, ಹಿರಿಯರ ಕೈಕೆಳಗಿನ ತರಬೇತಿ, ಪ್ರಮಾಣಪತ್ರ ಇವುಗಳನ್ನು ಸಂಕೋಚವಿಲ್ಲದೆ ಕೇಳಿ. "ಪೂರ್ತಿ ಗುಣಪಡಿಸುತ್ತೇವೆ" ಎನ್ನುವವರಿಂದ, ಮಗುವನ್ನು ಹೆದರಿಸಿ ಕಲಿಸುವವರಿಂದ ದೂರವಿರಿ. ಕಣ್ಣಿಟ್ಟು ನೋಡೆಂದು ಬಲವಂತ ಮಾಡುವ ಹಳೆಯ ಪದ್ಧತಿಯನ್ನು ಆಟಿಸಂ ಇರುವ ವಯಸ್ಕರೇ ವಿರೋಧಿಸಿದ್ದಾರೆ. ಅವರ ಮಾತಿಗೆ ಬೆಲೆಯಿದೆ. ಥೆರಪಿ ಇಂಗ್ಲಿಷಿನಲ್ಲಿ ನಡೆಯುತ್ತದೆಂದು ಮನೆಯಲ್ಲಿ ಕನ್ನಡ ಬಿಡಬೇಡಿ. ಎರಡು ಭಾಷೆಯಿಂದ ಇಂಥ ಮಕ್ಕಳಿಗೆ ತೊಂದರೆಯಾಗುತ್ತದೆ ಎನ್ನಲು ಆಧಾರವಿಲ್ಲ. ಅಜ್ಜಿಯ ಫೋನು ಬಂದಾಗ ಮಗುವಿಗೆ ಒಂದೆರಡು ಮಾತಾದರೂ ಅರ್ಥವಾಗಬೇಡವೇ?

"ಜನ ನೋಡ್ತಾರೆ ಡಾಕ್ಟ್ರೇ" ಎಂದು ಯುಗಾದಿಗೂ ರಾಜ್ಯೋತ್ಸವಕ್ಕೂ ಬರುವುದನ್ನೇ ಬಿಟ್ಟ ದಂಪತಿಗಳು ನಮ್ಮ ನಡುವೆ ಇದ್ದಾರೆ. ಮುಂದಿನ ಕಾರ್ಯಕ್ರಮದಲ್ಲಿ ಸ್ಪೀಕರಿನಿಂದ ದೂರ, ಬಾಗಿಲ ಹತ್ತಿರ ಅವರಿಗಾಗಿ ನಾಲ್ಕು ಕುರ್ಚಿ ಕಾದಿರಿಸಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೋರುತ್ತೇನೆ. ಮಗು ಕೂಗಿದರೆ ಉಳಿದವರು ತಿರುಗಿ ನೋಡದಿದ್ದರೆ ಸಾಕು.