ಗೆಜ್ಜೆಯ ಸದ್ದು ನಿಂತ ಹಾದಿ

ಕಟ್ಟಿನಹೊಳೆ ದಾಟಿದ ಜೀಪು ಕೊರಕಲು ಹಾದಿಯಲ್ಲಿ ಮೈಯೆಲ್ಲ ಕುಲುಕಿಸಿ, ಮೂಲ ಮೂಕಾಂಬಿಕೆಯ ಗುಡಿಯ ಬಳಿ ಇಳಿಸುತ್ತದೆ. ಅಲ್ಲೇ ಆಕಾಶಕ್ಕೆ ನೆಟ್ಟ ಕಬ್ಬಿಣದ ಕಂಬ. ಅಂಗೈ ಇಟ್ಟರೆ ಮಂಜಿನ ತಣ್ಣನೆ ನೀರು ಮೊಣಕೈವರೆಗೆ ಇಳಿಯುತ್ತದೆ. ಮೂಕಾಸುರನನ್ನು ಕೊಂದ ದೇವಿಯ ತ್ರಿಶೂಲವಿದು ಎನ್ನುತ್ತಾರೆ ಭಕ್ತರು.

ಇಲ್ಲಿಂದ ಮುಂದೆ ಕಾಲ್ನಡಿಗೆ. 1343 ಮೀಟರ್ ಎತ್ತರದ ಕೊಡಚಾದ್ರಿಯ ನೆತ್ತಿ ಕಣ್ಣಿಗೆ ಬಿದ್ದದ್ದು ಒಂದೇ ಗಳಿಗೆ. ಕಣಿವೆಯಿಂದೆದ್ದ ಮಂಜು ಹುಲ್ಲುಗುಡ್ಡವನ್ನು ನುಂಗಿತು. ಜೊತೆಗೆ ಬಂದು ಮುಂದೆ ಹೋಗುತ್ತಿದ್ದ ಹಿರಿಯರು ಕಾಣುತ್ತಿಲ್ಲ. ದನಿ ಮಾತ್ರ ಬರುತ್ತದೆ: "ಬರ್ತಾ ಇದೀರೇನ್ರೀ?"

"ಬಂದೆ, ನೀವು ನಡೀರಿ."

ಹೀಗೆ ಕಿವಿಯನ್ನೇ ನಂಬಿ ನಡೆಯುವಾಗ ಆ ಕಥೆ ತಾನಾಗಿ ನೆನಪಾಗುತ್ತದೆ. ಈ ಬೆಟ್ಟದಲ್ಲಿ ತಪಸ್ಸು ಮಾಡಿದ ಶಂಕರಾಚಾರ್ಯರು ದೇವಿಯನ್ನು ತಮ್ಮೊಂದಿಗೆ ಕೇರಳಕ್ಕೆ ಕರೆದರಂತೆ. ಬರುತ್ತೇನೆ, ಆದರೆ ನೀನು ಹಿಂತಿರುಗಿ ನೋಡಬಾರದು ಎಂದಳಂತೆ ತಾಯಿ. ಹಿಂದೆ ಬರುತ್ತಿದ್ದ ತಾಯಿಯ ಗೆಜ್ಜೆಯ ಸದ್ದು ಕೊಲ್ಲೂರಿನಲ್ಲಿ ನಿಂತಿತು. ಆಚಾರ್ಯರು ತಿರುಗಿದರು. ದೇವಿ ಅಲ್ಲೇ ನೆಲೆಯಾದಳು. ಅದಕ್ಕೇ ಇರಬೇಕು, ಕೊಲ್ಲೂರಿಗೆ ಬಂದ ಮಲೆಯಾಳಿ ಯಾತ್ರಿಕರು ಇಷ್ಟು ಕಷ್ಟಪಟ್ಟು ಈ ಬೆಟ್ಟವನ್ನೂ ಹತ್ತುತ್ತಾರೆ.

ಕೊನೆಯ ಏರು ಮುಗಿದಾಗ ಮಂಜಿನೊಳಗಿಂದ ಕಪ್ಪಗೆ ಮೂಡುತ್ತದೆ ಸರ್ವಜ್ಞಪೀಠ. ಎಷ್ಟು ಪುಟ್ಟದು! ಕಲ್ಲಿನ ಗೋಡೆ, ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುವ ಕಲ್ಲಿನದೇ ಮಾಡು, ಒಳಗೆ ಆಚಾರ್ಯರ ಮೂರ್ತಿ. ಹೊಸ್ತಿಲ ಬಳಿ ಬಾಗಿದರೆ ಹೊರಗಿನ ಗಾಳಿಯ ಅಬ್ಬರ ಒಮ್ಮೆಲೇ ದೂರವಾಗುತ್ತದೆ. ಆಚಾರ್ಯರು ಸರ್ವಜ್ಞಪೀಠವೇರಿದ್ದು ಕಾಶ್ಮೀರದ ಶಾರದೆಯ ಸನ್ನಿಧಿಯಲ್ಲಿ ಎನ್ನುತ್ತದೆ ಮಾಧವೀಯ ಶಂಕರವಿಜಯ. ಆದರೂ ಈ ಕಲ್ಲುಮಂಟಪದ ಹೆಸರು ಸರ್ವಜ್ಞಪೀಠವೇ. ಬೆಟ್ಟದ ಹೆಸರಂತೂ ಇಲ್ಲಿಯ ಮಣ್ಣಿನದೇ: ಸಂಸ್ಕೃತದಲ್ಲಿ ಕುಟಜಾದ್ರಿ, ಕುಟಜ ಗಿಡದ ಬೆಟ್ಟ. ಹೊಟ್ಟೆನೋವಿಗೆ ತೊಗಟೆ ಅರೆದು ಕುಡಿಸುವ ನಮ್ಮ ಕೊಡಸಿಗವೇ ಆ ಕುಟಜ.

ಇಳಿಯುವಾಗ ನಾನು ಮುಂದೆ, ಹಿರಿಯರು ಹಿಂದೆ. ಅವರ ಚಪ್ಪಲಿಗೆ ಉರುಳುವ ಹರಳುಗಳ ಸದ್ದು ಜೊತೆಜೊತೆಗೇ ಬರುತ್ತಿದೆ. ಥಟ್ಟನೆ ನಿಂತಿತು. ಯೋಚಿಸುವ ಮೊದಲೇ ತಿರುಗಿದ್ದೇನೆ. ಅವರು ಬಾಗಿ ಕಾಲಿನ ಇಂಬಳ ಕೀಳುತ್ತಿದ್ದಾರೆ.

ಆಚಾರ್ಯರು ಸೋತರು ಎಂದೇ ಆ ಕಥೆಯನ್ನು ಕೇಳಿಕೊಂಡು ಬಂದವನು ನಾನು. ಹಿಂದೆ ಬರುವವರ ಹೆಜ್ಜೆ ನಿಂತರೆ ತಾಯಿಯ ಮಗನಾದವನು ತಿರುಗದೆ ಇನ್ನೇನು ಮಾಡಿಯಾನು?